ಕರಡಿಗಳ ಸಂಕ್ರಾಂತಿಯೂ ಎಲಚಿ ಬೀಜವೂ

ಒಂದು ಕಾಡಿನಲ್ಲಿ ಒಂದು ಕರಡಿ ಕುಟುಂಬವಿತ್ತು. ಒಂದು ಎಂದು ಹೇಳಿದ್ದು ಅಭ್ಯಾಸಬಲದಿಂದ. ಮೂರು ವರ್ಷದ ಹಿಂದೆಯೇ ಅದು ಎರಡಾಗಿತ್ತು.

ಅದು ಮುಗಿಲೆತ್ತರದ ಮರಗಳ ಕಾಡೇನಲ್ಲ. ಬಂಡೆಗಳ ಸಂದಿಯಲ್ಲಿ ಎಲಚಿ, ಕಾರೆ, ಮುತ್ತುಗ ಬೆಳೆದ ಕುರುಚಲು ಕಾಡು. ಅಲ್ಲೊಂದು ಬಂಡೆಗುಡ್ಡ. ಗುಡ್ಡದ ಈ ಮಗ್ಗುಲಲ್ಲಿ ಅಣ್ಣ ಗುಡ್ಡಪ್ಪ ಹೆಂಡತಿಯೊಂದಿಗೆ ಇದ್ದ. ಆ ಮಗ್ಗುಲಲ್ಲಿ ತಮ್ಮ ಬಂಡೆಪ್ಪ ಹೆಂಡತಿಯೊಂದಿಗೆ ಇದ್ದ. ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯ ಗವಿಯಲ್ಲಿ, ಇಬ್ಬರ ನಡುವೆ ಹುಟ್ಟಿದ ಸಿರಿಯಮ್ಮ ಇದ್ದಳು. ಅವಳು ನಡುವೆ ಹುಟ್ಟಿದ್ದು ಮಾತ್ರವಲ್ಲ, ನಡುವೆ ಸಿಕ್ಕಿಹಾಕಿಕೊಂಡೂ ಇದ್ದಳು.

ಮನೆ ಒಡೆದ ಕಾರಣ ಬಹಳ ಘನವಾದದ್ದು. ಅವರ ಅಪ್ಪ ಒಂದು ಬೇಲದ ಮರಕ್ಕೆ ಬೆನ್ನು ಉಜ್ಜುತ್ತಿದ್ದ. ಅಪ್ಪ ಹೋದ ಮೇಲೆ ಆ ಮರ ಯಾರ ಬೆನ್ನಿಗೆ ಸೇರಬೇಕು ಎಂಬ ಪ್ರಶ್ನೆ ಬಂತು. ಹಿರಿಯ ಮಗನ ಬೆನ್ನಿಗೆ ಎಂದು ಗುಡ್ಡಪ್ಪ ಹೇಳಿದ. ಕೊನೆಗಾಲದಲ್ಲಿ ಅಪ್ಪನ ಬೆನ್ನು ಕೆರೆದವನು ನಾನು, ಆದ್ದರಿಂದ ನನ್ನ ಬೆನ್ನಿಗೆ ಎಂದು ಬಂಡೆಪ್ಪ ಹೇಳಿದ. ಮಾತಿಗೆ ಮಾತು ಬೆಳೆಯಿತು. ಹೆಂಡತಿಯರೂ ಕೈಲಾದಷ್ಟು ಎಣ್ಣೆ ಹೊಯ್ದರು. ಕೊನೆಗೆ ಇಬ್ಬರೂ ಮಾತು ಬಿಟ್ಟರು, ಮರವನ್ನೂ ಬಿಟ್ಟರು. ಮುಂದಿನ ಮಳೆಗಾಲಕ್ಕೆ ಮರಕ್ಕೆ ಗೆದ್ದಲು ಹತ್ತಿ ಅದು ಬಿದ್ದುಹೋಯಿತು. ಕರಡಿಗಳಿಗೆ ಗೆದ್ದಲೆಂದರೆ ಪ್ರಾಣ. ಆದರೆ ತಾನು ಮೊದಲು ಬಾಯಿ ಹಾಕಿದರೆ ಸೋತಂತೆ ಎಂದು ಅಣ್ಣನೂ ತಿನ್ನಲಿಲ್ಲ, ತಮ್ಮನೂ ತಿನ್ನಲಿಲ್ಲ. ಇಂಥ ತ್ಯಾಗಜೀವಿಗಳನ್ನು ಆ ಕಾಡು ಅದುವರೆಗೆ ಕಂಡಿರಲಿಲ್ಲ.

ಮಾತನ್ನೇನೋ ಬಿಡಬಹುದು, ಹಬ್ಬವನ್ನು ಬಿಡಲು ಬರುವುದಿಲ್ಲ. ಮನುಷ್ಯರು ಸಂಕ್ರಾಂತಿಗೆ ಎಳ್ಳು ಬೆಲ್ಲ ಬೀರುತ್ತಾರಲ್ಲ, ಹಾಗೆ ಆ ಕರಡಿಗಳಲ್ಲಿ ಎಲಚಿ ಹಣ್ಣು ಬೀರುವ ಪದ್ಧತಿ ಇತ್ತು. ಆ ಹೊತ್ತಿಗೆ ಎಲಚಿ ಗಿಡಗಳಲ್ಲಿ ಹಣ್ಣು ಕೆಂಪಗೆ ತೂಗುತ್ತಿರುತ್ತದೆ. ಅದಕ್ಕೆ ಜೇನು ಕಲಸಿ, ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿ, ಬಂಧುಗಳ ಮನೆಗೆ ಹೋಗಿ ಕೊಟ್ಟು, ತಿಂದು ಒಳ್ಳೆಯ ಮಾತಾಡಬೇಕು. ಮಾತೇ ಇಲ್ಲದವರು ಒಳ್ಳೆಯ ಮಾತನ್ನು ಎಲ್ಲಿಂದ ತರುತ್ತಾರೆ? ಬೀರದೆ ಸುಮ್ಮನಿದ್ದರೆ ಕಾಡು ಆಡಿಕೊಳ್ಳುತ್ತದೆ. ಒಡಹುಟ್ಟಿದವರಿಗೆ ಹೆದರದ ಈ ಇಬ್ಬರೂ ಊರ ಬಾಯಿಗೆ ಮಾತ್ರ ಹೆದರುತ್ತಿದ್ದರು.

ಆಗ ಮುಂದೆ ಬಂದವನು ಒಬ್ಬ ನರಿ. ಅವನ ಹೆಸರು ಶಾಂತಪ್ಪ. ನಾಮಕರಣ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು. ನೀವು ಕಟ್ಟಿಕೊಡಿ, ನಾನು ತಲುಪಿಸುತ್ತೇನೆ, ಎರಡು ಮನೆ ಒಂದಾದರೆ ನನಗೆ ಅದೇ ಪುಣ್ಯ ಎಂದು ಅವನು ಎರಡೂ ಕಡೆ ಹೇಳಿಕೊಂಡ. ಗುಡ್ಡಪ್ಪ ಪೊಟ್ಟಣ ಕೊಡುತ್ತಾ, ನಾನು ಕಳಿಸುವುದು ಕಳಿಸುತ್ತೇನೆ, ಅವನು ಕಳಿಸಿದ್ದನ್ನು ಮಾತ್ರ ಮೂಸಿಯೂ ನೋಡುವುದಿಲ್ಲ ಎಂದ. ಬಂಡೆಪ್ಪನೂ ಪೊಟ್ಟಣ ಕೊಡುತ್ತಾ ಅದನ್ನೇ ಹೇಳಿದ. ಮಾತು ಬಿಟ್ಟಿದ್ದರೂ ಅಣ್ಣತಮ್ಮಂದಿರ ಬಾಯಲ್ಲಿ ಬರುವುದು ಒಂದೇ ಮಾತು. ನರಿ ಎರಡನ್ನೂ ಕೇಳಿಸಿಕೊಂಡು ಮನಸ್ಸಿನಲ್ಲಿ ಇಟ್ಟುಕೊಂಡ. ಮೂರು ವರ್ಷ ಈ ಪುಣ್ಯದ ಕೆಲಸ ಮಾಡಿ ಅವನ ಮೈ ನುಣ್ಣಗೆ ಮಿರುಗತೊಡಗಿತು.

ಸಿರಿಯಮ್ಮನ ಹಬ್ಬ ಬೇರೆಯೇ ತರಹದ್ದು. ಬೆಳಿಗ್ಗೆ ಅವಳು ಅಣ್ಣನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಹೊಟ್ಟೆತುಂಬ ಉಣ್ಣಬೇಕು. ಸ್ವಲ್ಪ ಬಿಟ್ಟರೂ ಅತ್ತಿಗೆ, ಅಲ್ಲಿ ತಿನ್ನೋಕೆ ಜಾಗ ಇಟ್ಕೊಂಡಿದೀಯಾ ಎನ್ನುತ್ತಿದ್ದಳು. ಆಮೇಲೆ ಅತ್ತಿಗೆ ಮೂಗು ಮುಚ್ಚಿಕೊಂಡು, ಕಾಲುಗುರಿನಿಂದ ತಮ್ಮನ ಮನೆಯ ಪೊಟ್ಟಣ ಬಿಚ್ಚಿ ತೋರಿಸುತ್ತಿದ್ದಳು. ಒಳಗೆ ಬರೀ ಎಲಚಿ ಬೀಜ. ಒಂದರಲ್ಲಾದರೂ ತಿರುಳಿರುತ್ತಿರಲಿಲ್ಲ. ನೋಡು ನಿನ್ನ ತಮ್ಮನ ಮನಸ್ಸು ಎಂದು ಅದನ್ನು ಒದ್ದುಬಿಡುತ್ತಿದ್ದಳು. ಸಿರಿಯಮ್ಮ ಬೇರೆ ಕಡೆ ನೋಡುತ್ತಾ, ಇನ್ನೊಂದು ಚೂರು ಜೇನು ಬಡಿಸಿ ಎನ್ನುತ್ತಿದ್ದಳು.

ಅಲ್ಲಿಂದ ಗುಡ್ಡ ಹತ್ತಿ ಇಳಿದು, ದಾರಿಯ ಹುಲ್ಲಿಗೆ ಬಾಯಿ ಒರೆಸಿಕೊಂಡು, ಮೂರು ದಿನದಿಂದ ಉಪವಾಸವಿದ್ದವಳ ಮುಖ ಮಾಡಿಕೊಂಡು ತಮ್ಮನ ಮನೆಗೆ ಹೋಗುತ್ತಿದ್ದಳು. ಅಲ್ಲೂ ಹೊಟ್ಟೆತುಂಬ ಊಟ. ಅಲ್ಲೂ ಮೂಗು ಮುಚ್ಚಿಕೊಂಡೇ ಬಿಚ್ಚಿದ ಒಂದು ಪೊಟ್ಟಣ, ಒಳಗೆ ಬರೀ ಬೀಜ. ನೋಡಿ ನಿಮ್ಮಣ್ಣನ ಧಾರಾಳ ಎಂದು ತಮ್ಮನ ಹೆಂಡತಿ ಹೇಳುತ್ತಿದ್ದಳು. ಹಬ್ಬದ ದಿನ ಆ ಮಾತು ಯಾಕೆ, ಬಿಡು ಎಂದು ಸಿರಿಯಮ್ಮ ಹೇಳುತ್ತಿದ್ದಳು. ಆ ಮನೆಯ ಮಾತನ್ನು ಈ ಮನೆಯಲ್ಲಿ ಆಡಬಾರದು ಎಂಬುದು ಅವಳ ವ್ರತ. ಸಿರಿಯಮ್ಮನಂಥ ಸೂಕ್ಷ್ಮದವಳು ಇನ್ನೊಬ್ಬಳಿಲ್ಲ ಎಂದು ಕಾಡೆಲ್ಲ ಹೊಗಳುತ್ತಿತ್ತು. ಅವಳಿಗೂ ಅದು ಒಳಗೊಳಗೆ ಹಿಡಿಸಿತ್ತು. ಸಂಜೆ ಹೊತ್ತಿಗೆ ಅವಳು ಹಳ್ಳದ ದಂಡೆಯಲ್ಲಿ ಅಂಗಾತ ಬಿದ್ದು, ಎರಡು ಮನೆಯ ಪ್ರೀತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನರಳುತ್ತಿದ್ದಳು.

ನಾಲ್ಕನೆಯ ವರ್ಷ ಅವಳಿಗೊಂದು ಹೆಣ್ಣು ಮರಿ ಹುಟ್ಟಿತು. ಮರಿಯ ಅಪ್ಪ ಜೇನು ಹುಡುಕಿಕೊಂಡು ಹೋದವನು, ಹಬ್ಬದೊಳಗೆ ಬರುತ್ತೇನೆ ಎಂದಿದ್ದ. ಯಾವ ಹಬ್ಬ ಎಂದು ಹೇಳಿರಲಿಲ್ಲ. ಅವನನ್ನು ನೆಚ್ಚಿಕೊಂಡು ಕೂರುವ ಹಾಗಿರಲಿಲ್ಲ, ಯಾಕೆಂದರೆ ಆ ಚಳಿಗಾಲ ಹಳ್ಳದ ಕಡೆ ಒಂದು ಚಿರತೆ ಓಡಾಡತೊಡಗಿತ್ತು. ಸಿರಿಯಮ್ಮ ಮರಿಯನ್ನು ಬೆನ್ನ ಮೇಲಿಂದ ಇಳಿಸಲೂ ಹೆದರುತ್ತಿದ್ದಳು. ತನಗೇನಾದರೂ ಆದರೆ ಇದರ ಗತಿ ಏನು ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು.

ಅದಕ್ಕೆ ಕರಡಿಗಳಲ್ಲಿ ಒಂದು ಕಟ್ಟಳೆ ಇತ್ತು. ಮರಿಯ ಮೊದಲ ಸಂಕ್ರಾಂತಿಯಂದು ಸೋದರಮಾವಂದಿರು ಒಂದೇ ಎಲೆಯನ್ನು ಆ ಕಡೆ ಈ ಕಡೆ ಹಿಡಿದು, ಅದರಲ್ಲಿನ ಎಲಚಿ ಹಣ್ಣನ್ನು ಮರಿಯ ತಲೆಯ ಮೇಲೆ ಎರೆಯಬೇಕು. ಹಾಗೆ ಹಣ್ಣೆರೆಸಿಕೊಂಡ ಮರಿಗೆ ಮಾವಂದಿರ ಗವಿಯಲ್ಲಿ ಯಾವತ್ತೂ ಜಾಗವುಂಟು. ಅದನ್ನು ಕಾಯುವ ಹೊಣೆ ಅವರದು. ಒಬ್ಬ ಮಾವ ಬಂದು ಇನ್ನೊಬ್ಬ ಬರದಿದ್ದರೆ ಎರೆದದ್ದು ಎರೆದಂತಲ್ಲ. ಹೊತ್ತು ಗುಡ್ಡದ ಹಿಂದೆ ಸರಿಯುವುದರೊಳಗೆ ಅದು ಮುಗಿಯಬೇಕು. ಎರಡನೆಯ ಸಂಕ್ರಾಂತಿಗೆ ಮಾಡುತ್ತೇವೆ ಎಂದರೆ ನಡೆಯುವುದಿಲ್ಲ.

ಸಿರಿಯಮ್ಮ ಮರಿಯನ್ನು ಬೆನ್ನ ಮೇಲೆ ಹಾಕಿಕೊಂಡು ಕರೆಯಲು ಹೋದಳು.

"ನಿನ್ನ ಮಗೂಗೆ ನಾನು ಎರೀದೆ ಇರ್ತೀನಾ ಸಿರಿ? ಆದ್ರೆ ಅವನು ಬಂದ್ರೆ ನಾನು ಬರಲ್ಲ" ಎಂದ ಗುಡ್ಡಪ್ಪ.

ಬಂಡೆಪ್ಪನ ಉತ್ತರ ಏನೆಂದು ಹೇಳುವ ಅಗತ್ಯವಿಲ್ಲ. ಅಣ್ಣನ ಮಾತಿನಲ್ಲಿ ಸಿರಿ ಎಂದಿದ್ದ ಕಡೆ ಅಕ್ಕ ಎಂದು ಹಾಕಿಕೊಂಡರೆ ಸಾಕು.

ಅವಳು ಎಂಟು ದಿನ ಗುಡ್ಡ ಹತ್ತಿದಳು, ಇಳಿದಳು. ನಡುವೆ ಮುತ್ತುಗದ ಕೊಂಬೆ ನೆಟ್ಟು ಮರೆ ಮಾಡುತ್ತೇನೆ, ಒಬ್ಬರಿಗೊಬ್ಬರ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ ಎಂದಳು. ಕೈಯೂ ಕಾಣಬಾರದು ಎಂದು ಗುಡ್ಡಪ್ಪ ಹೇಳಿದ. ಹಾಗಾದರೆ ಕಣ್ಣು ಮುಚ್ಚಿಕೋ ಎಂದಳು. ನಾನೇ ಯಾಕೆ ಮುಚ್ಚಬೇಕು, ಅವನು ಮುಚ್ಚಲಿ ಎಂದ. ಇಬ್ಬರೂ ಮುಚ್ಚಿಕೊಳ್ಳುವುದು ಎಂದು ತೀರ್ಮಾನವಾಯಿತು. ಮೊದಲು ಯಾರು ಬರಬೇಕು, ಮೊದಲು ಯಾರು ಹೋಗಬೇಕು ಎಂಬುದಕ್ಕೆ ಇನ್ನೆರಡು ದಿನ ಹಿಡಿಯಿತು. ಅಂತೂ ಇಬ್ಬರೂ ಹೂಂ ಎಂದರು. ಸಿರಿಯಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ದಾರಿಯಲ್ಲಿ ಸಿಕ್ಕ ನರಿಗೂ ಅದನ್ನು ಹೇಳಿಬಿಟ್ಟಳು.

ಶಾಂತಪ್ಪ ಬಹಳ ಒಳ್ಳೆಯದಾಯಿತು ಎಂದ. ಒಳ್ಳೆಯದಾಯಿತು ಎನ್ನುವಾಗ ಅವನ ಬಾಲ ಯಾಕೋ ಇಳಿದುಹೋಯಿತು.

ಹಬ್ಬದ ದಿನ ಬಂತು. ಸಿರಿಯಮ್ಮ ಗವಿಯ ಮುಂದೆ ಗುಡಿಸಿ, ಮರಿಯ ಮೈ ನೆಕ್ಕಿ ಹೊಳಪು ಮಾಡಿ, ಚಪ್ಪಟೆ ಕಲ್ಲಿನ ಮೇಲೆ ಕೂರಿಸಿದಳು. ಹೊತ್ತು ಏರಿತು. ಅಣ್ಣ ಬರಲಿಲ್ಲ. ಹೊತ್ತು ನೆತ್ತಿಗೆ ಬಂತು. ತಮ್ಮನೂ ಬರಲಿಲ್ಲ. ಹೊತ್ತು ಗುಡ್ಡದ ಕಡೆ ವಾಲುತ್ತಿರುವಾಗ ಶಾಂತಪ್ಪ ಎರಡು ಪೊಟ್ಟಣ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದ.

"ಏನ್ ಹೇಳ್ಲಿ ಸಿರಿಯಮ್ಮಾರೆ. ಇಬ್ರೂ ಬರಲ್ಲ ಅಂದ್ಬಿಟ್ರು. ನಾನೂ ಕಾಲಿಗೆ ಬಿದ್ದು ಕೇಳ್ದೆ. ಮರಿ ತಲೆ ಮೇಲೆ ನೀನೇ ಹಾಕ್ಕೋ ಅಂತ ಇದನ್ನ ಕಳ್ಸವ್ರೆ" ಎಂದ.

ಸಿರಿಯಮ್ಮ ಪೊಟ್ಟಣಗಳನ್ನು ಇಸಿದುಕೊಂಡಳು. ಒಂದು ಪೊಟ್ಟಣ ಬಿಚ್ಚಿದಳು. ಬರೀ ಬೀಜ. ಇನ್ನೊಂದನ್ನು ಬಿಚ್ಚಿದಳು. ಅದರಲ್ಲೂ ಬೀಜವೇ. ಅವರವರು ಕಿತ್ತಾಡಲಿ, ಏನೂ ಅರಿಯದ ಈ ಕೂಸಿನ ತಲೆಯ ಮೇಲೂ ಬೀಜ ಸುರಿಯಬೇಕೆ ಎಂದು ಅವಳಿಗೆ ಅನ್ನಿಸಿತು. ಅವಳು ಅಲ್ಲೇ ಕುಳಿತು ಅತ್ತುಬಿಟ್ಟಳು.

ಮರಿಗೆ ಈ ಸೂಕ್ಷ್ಮವೆಲ್ಲ ಇನ್ನೂ ಗೊತ್ತಿರಲಿಲ್ಲ. ಅದು ಕಲ್ಲಿನಿಂದ ಜಾರಿ ಬಂದು ಎಲೆಯೊಳಗೆ ಮೂತಿ ತೂರಿಸಿ ಮೂಸಿತು, ಸೀನಿತು, ಮತ್ತೆ ಮೂಸಿತು. ಬೀಜ ಗಂಟಲಿಗೆ ಸಿಕ್ಕೀತೆಂದು ಸಿರಿಯಮ್ಮ ಅದನ್ನು ಎಳೆದುಕೊಳ್ಳಲು ಬಗ್ಗಿದಳು. ಅವಳ ಮೂಗೂ ಎಲೆಯ ಹತ್ತಿರ ಬಂತು. ಕರಡಿಯ ಮೂಗೆಂದರೆ ಸಾಮಾನ್ಯವೇ? ಎರಡು ಹರದಾರಿ ದೂರದ ಜೇನನ್ನು ಹೇಳುವ ಮೂಗು ಅದು. ಎಲೆಯ ಹೊರಗೆ ಅಣ್ಣನ ಕೈಯ ವಾಸನೆ ಇತ್ತು. ಎಲೆಯ ಒಳಗೆ ಜೇನಿನ ವಾಸನೆ ಇನ್ನೂ ಹಸಿಯಾಗಿತ್ತು. ಬೀಜಗಳ ಮೇಲೆ ಮಾತ್ರ ನರಿಯ ಎಂಜಲು ನಾರುತ್ತಿತ್ತು. ಅವಳು ಎರಡನೆಯ ಎಲೆ ಮೂಸಿದಳು. ಹೊರಗೆ ತಮ್ಮ, ಒಳಗೆ ಜೇನು, ಬೀಜದ ಮೇಲೆ ಅದೇ ನರಿ.

ಮೂರು ವರ್ಷ ಎರಡೂ ಮನೆಯಲ್ಲಿ ಇದೇ ಬೀಜವನ್ನು ಕಂಡವಳು ತಾನೊಬ್ಬಳೇ ಎಂಬುದು ಆಗ ಅವಳ ತಲೆಗೆ ಹೋಯಿತು. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಒಂದೇ ಒಂದು ಸಲ ಆಡಿದ್ದರೆ ಸಾಕಿತ್ತು. ಅವಳಿಗೆ ನರಿಯ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟೇ ದೊಡ್ಡದಾಗಿತ್ತು. ಆದರೆ ಕೂಗಾಡಲಿಲ್ಲ. ಕಣ್ಣೊರೆಸಿಕೊಂಡು, ಹಬ್ಬದ ದಿನ ಊಟ ಮಾಡದೆ ಹೋಗಬಾರದು, ನಾನು ಬರುವವರೆಗೆ ಕೂತಿರು ಎಂದು ಶಾಂತಪ್ಪನಿಗೆ ಹೇಳಿದಳು. ಎರಡು ಪೊಟ್ಟಣದ ಹಣ್ಣು ಅವನ ಹೊಟ್ಟೆಯಲ್ಲಿತ್ತು, ಆದರೂ ಊಟ ಎಂದ ಕೂಡಲೇ ಅವನು ಕಾಲು ಚಾಚಿ ಒರಗಿದ. ಆಸೆಗೆ ಹೊಟ್ಟೆ ಎಲ್ಲಿಯದು.

ಸಿರಿಯಮ್ಮ ಮರಿಯನ್ನು ಬೆನ್ನಿಗೆ ಹಾಕಿಕೊಂಡು, ಎರಡೂ ಪೊಟ್ಟಣ ಹಿಡಿದು, ಏದುಸಿರು ಬಿಡುತ್ತಾ ಅಣ್ಣನ ಗವಿಗೆ ಹೋದಳು. ಗುಡ್ಡಪ್ಪ ಮುಖ ಊದಿಸಿಕೊಂಡು ಕುಳಿತಿದ್ದ. ಅವಳು ತಮ್ಮನ ಪೊಟ್ಟಣವನ್ನು ಅವನ ಮುಂದೆ ಇಟ್ಟು ಮೂಸು ಎಂದಳು.

"ಅವನದ್ದನ್ನ ನಾನು ಮೂಸಲ್ಲ. ಅವನು ಏನಂದಿದಾನೆ ಗೊತ್ತಾ ನಿನಗೆ? ಅಣ್ಣನ ಕೈ ತಗಲಿದ್ರೆ ಮರಿಗೆ ಕೇಡು ಅಂತ ಅಂದನಂತೆ."

"ಅಂದನಂತೆ ಅಂತ ಯಾರು ಹೇಳಿದ್ದು?"

ಶಾಂತಪ್ಪ ಎಂದ ಗುಡ್ಡಪ್ಪ.

"ಅಣ್ಣ, ಮೂರು ವರ್ಷ ನಾನು ನಿನ್ನ ಮನೇಲಿ ಉಂಡು, ಅವನ ಮನೇಲೂ ಉಂಡು, ಎರಡು ಕಡೇನೂ ಸುಳ್ಳು ಹೇಳಿದೀನಿ. ಇವತ್ತು ನನ್ನ ಕೂಸಿಗೋಸ್ಕರ ಒಂದು ಸಲ ಮೂಸು. ಆಮೇಲೆ ಬೇಕಾದ್ರೆ ಈ ಜನ್ಮದಲ್ಲಿ ಮೂಸಬೇಡ."

ತಂಗಿ ಹೀಗೆ ಮಾತಾಡಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಅವನು ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ಅವನ ಮುಖದ ಊತ ಇಳಿಯಿತು. ಅತ್ತಿಗೆಯೂ ಬಂದು ಮೂಸಿದಳು, ಮೂಗು ಮುಚ್ಚಿಕೊಳ್ಳುವುದನ್ನು ಮರೆತು. ಮೂರು ವರ್ಷ ನಮ್ಮ ಜೇನು ಎಲ್ಲಿಗೆ ಹೋಯಿತು ಎಂದು ಆಗ ಅವಳಿಗೆ ಹೊಳೆಯಿತು. ಮೈದುನನನ್ನು ಬೈದದ್ದಕ್ಕೆ ಬೇಸರವಾಯಿತೋ ಜೇನು ಹೋದದ್ದಕ್ಕೆ ಬೇಸರವಾಯಿತೋ, ಅಂತೂ ಅವಳು ಗೋಳೋ ಎಂದು ಅತ್ತಳು.

ಗುಡ್ಡಪ್ಪ ಎದ್ದು ತಂಗಿಯ ಹಿಂದೆ ಗುಡ್ಡ ದಾಟಿದ. ಬಂಡೆಪ್ಪನ ಗವಿಯಲ್ಲೂ ಅದೇ ಊದಿದ ಮುಖ, ಅದೇ ಅಂದನಂತೆ. ತಮ್ಮನನ್ನು ಮಾವ ಎಂದು ಕರೆಯಲು ಆ ಮರಿ ಬದುಕಿರುವುದಿಲ್ಲ ಎಂದು ಅಣ್ಣ ಹೇಳಿದನಂತೆ. ಗುಡ್ಡಪ್ಪ ಅದನ್ನು ಬಾಗಿಲಲ್ಲಿ ನಿಂತು ಕೇಳಿದ. ಅಂಥ ಮಾತು ನನ್ನ ಬಾಯಲ್ಲಿ ಬಂದೀತೇನೋ ಎಂದು ಅವನು ಮೆಲ್ಲಗೆ ಕೇಳಿದ. ಮೂರು ವರ್ಷದಲ್ಲಿ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ಬಂಡೆಪ್ಪ ಎದ್ದು ಬಂದ. ಅಕ್ಕನ ಕೈಯಿಂದ ಪೊಟ್ಟಣ ಇಸಿದುಕೊಂಡು ಮೂಸಿದ.

ಮೂವರೂ ಸಾಲಾಗಿ ಹಳ್ಳಕ್ಕೆ ಇಳಿದರು. ಗುಡ್ಡಪ್ಪ ಮುಂದೆ, ಅವನ ಅಗಲವಾದ ಬೆನ್ನಿನ ಹಿಂದೆ ಬಂಡೆಪ್ಪ, ಕೊನೆಗೆ ಮರಿ ಹೊತ್ತ ಸಿರಿಯಮ್ಮ. ಕಲ್ಲಿಗೆ ಒರಗಿದ್ದ ಶಾಂತಪ್ಪನಿಗೆ ಕಂಡದ್ದು ಗುಡ್ಡಪ್ಪ ಒಬ್ಬನೇ. ಅವನು ಗಡಬಡಿಸಿ ಎದ್ದು ತನ್ನ ಪುಣ್ಯದ ಕೆಲಸ ಶುರು ಮಾಡಿದ.

"ಗುಡ್ಡಪ್ಪಾರೆ, ನೀವು ಬರಬಾರ್ದಿತ್ತು. ಬೆಳಿಗ್ಗೆ ನಿಮ್ಮ ತಮ್ಮ ಏನಂದ ಅಂತೀರಿ. ನನ್ನ ಬಾಯಲ್ಲಿ ಹೇಳೋಕೂ ಆಗಲ್ಲ. ಅಣ್ಣ ಅನ್ನೋ ಪ್ರಾಣಿ ಹಳ್ಳಕ್ಕೆ ಬಂದ್ರೆ ಕಾಲು ಮುರೀತೀನಿ ಅಂದ."

"ಹೌದಾ? ಆಮೇಲೆ ಇನ್ನೇನಂದೆ ನಾನು?" ಎಂದು ಬೆನ್ನ ಹಿಂದಿನಿಂದ ಬಂಡೆಪ್ಪ ಕೇಳಿದ.

ನರಿ ಬಾಲ ಮುದುರಿಕೊಂಡು ಸುತ್ತ ನೋಡಿದ. ಓಡೋಣವೆಂದರೆ ಒಂದು ಕಡೆ ಅಣ್ಣ, ಒಂದು ಕಡೆ ತಮ್ಮ, ಹಿಂದೆ ಬಂಡೆ. ಗುಡ್ಡಪ್ಪ ಪಂಜ ಎತ್ತಿದ. ಸಿರಿಯಮ್ಮ ತಡೆದಳು. ಹಬ್ಬದ ದಿನ ಮನೆಗೆ ಬಂದವರಿಗೆ ಹೊಡೆಯಬಾರದು, ಊಟ ಹಾಕಬೇಕು ಎಂದಳು. ಎರಡು ಎಲೆಯನ್ನು ಅವನ ಮುಂದೆ ಹರಡಿದಳು. ಒಂದರಲ್ಲಿ ಅಣ್ಣನ ಮನೆಯ ಬೀಜ, ಒಂದರಲ್ಲಿ ತಮ್ಮನ ಮನೆಯ ಬೀಜ.

"ಎರಡೂ ಮನೇದು ಉಣ್ಣಬೇಕು ಶಾಂತಪ್ಪ. ಒಂದು ತಿಂದು ಒಂದು ಬಿಟ್ರೆ ಅವರಿಗೆ ಬೇಜಾರಾಗುತ್ತೆ. ಅಗಿದು ತಿನ್ನು, ನುಂಗಬೇಡ."

ಎಲಚಿ ಬೀಜವೆಂದರೆ ಕಲ್ಲಿನ ತಮ್ಮ. ಆ ಕಡೆ ಈ ಕಡೆ ಎರಡು ಕರಡಿಗಳು ಕುಳಿತು ಬಲು ಉಪಚಾರ ಮಾಡಿದವು. ಒಂದು ಬೀಜಕ್ಕೆ ಒಂದು ಹಲ್ಲು ಹೋಯಿತು, ಇನ್ನೊಂದಕ್ಕೆ ದವಡೆಯೇ ಸಡಿಲವಾಯಿತು. ಸಾಕು ಎಂದರೆ ಗುಡ್ಡಪ್ಪ, ನಾಚಿಕೊಳ್ಳಬೇಡ ಎನ್ನುತ್ತಿದ್ದ. ಬೇಡ ಎಂದರೆ ಬಂಡೆಪ್ಪ, ನಮ್ಮ ಮನೆಯದು ರುಚಿಯಿಲ್ಲವೇ ಎನ್ನುತ್ತಿದ್ದ. ಎಲೆ ಎರಡೂ ಖಾಲಿಯಾದಾಗ ಶಾಂತಪ್ಪನ ಬಾಯಲ್ಲಿ ಮೂರೋ ನಾಲ್ಕೋ ಹಲ್ಲು ಉಳಿದಿದ್ದವು. ಅವನು ಬಾಯಿ ಹಿಡಿದುಕೊಂಡು ಹಳ್ಳ ದಾಟಿ ಓಡಿದ. ಆಮೇಲೆ ಯಾರ ಮನೆಯ ಹಬ್ಬದಲ್ಲೂ ಅವನು ಕಾಣಲಿಲ್ಲ.

"ಎಲ್ಲಾ ಆ ಕಳ್ಳ ನರಿಯಿಂದ ಆಗಿದ್ದು" ಎಂದ ಗುಡ್ಡಪ್ಪ. ಹೌದು ಹೌದು, ಎಲ್ಲಾ ಅವನಿಂದಲೇ ಎಂದ ಬಂಡೆಪ್ಪ. ತಪ್ಪೆಲ್ಲ ಓಡಿಹೋದವನ ತಲೆಗೆ ಕಟ್ಟಿ ಇಬ್ಬರೂ ಹಗುರವಾದರು.

ಸಿರಿಯಮ್ಮ ಸುಮ್ಮನಿರುವ ವ್ರತವನ್ನು ಆಗಲೇ ಬಿಟ್ಟಿದ್ದಳು. "ನರಿ ನಮ್ಮನೆ ಒಡೀಲಿಲ್ಲ. ನೀವು ಒಡೆದು ಕೊಟ್ರಿ, ಅವನು ತಿಂದ. ನೀವು ಒಂದು ಸಲ ಮೂಸಿದ್ರೆ ಅವತ್ತೇ ಮುಗೀತಿತ್ತು. ನಾನು ಒಂದು ಸಲ ಬಾಯಿ ಬಿಟ್ಟಿದ್ರೆ ಮೂಸೋದೂ ಬೇಕಿರ್ಲಿಲ್ಲ" ಎಂದಳು. ಹೊತ್ತು ಗುಡ್ಡದ ನೆತ್ತಿಗೆ ತಗಲುವಂತಿತ್ತು. ಎರೆಯಲು ಒಂದು ಹಣ್ಣೂ ಇರಲಿಲ್ಲ.

ಹಳ್ಳದ ಆಚೆ ದಂಡೆಯಲ್ಲಿ ಒಂದು ಎಲಚಿ ಗಿಡವಿತ್ತು. ಕೆಳಗಿನ ಹಣ್ಣನ್ನೆಲ್ಲ ಹಕ್ಕಿಗಳು ಮುಗಿಸಿದ್ದವು. ಮೇಲಿನ ಕೊಂಬೆಯಲ್ಲಿ ಮಾತ್ರ ಉಳಿದಿತ್ತು. ಎಲಚಿ ಮುಳ್ಳು ಕೊಕ್ಕೆಯ ಮುಳ್ಳು, ಒಬ್ಬರೇ ಕೀಳಲು ಹೋದರೆ ಬಿಡುವುದಿಲ್ಲ. ಗುಡ್ಡಪ್ಪ ಕೊಂಬೆ ಬಗ್ಗಿಸಿ ಹಿಡಿದ, ಬಂಡೆಪ್ಪ ಕಿತ್ತ. ಸರಿಯಾಗಿ ಹಿಡಿಯೋ ಎಂದು ತಮ್ಮ ಗೊಣಗಿದ. ಬೇಗ ಕೀಳೋ ಎಂದು ಅಣ್ಣ ಗೊಣಗಿದ. ಇಬ್ಬರ ಮೂತಿಯೂ ಗೀರಿಹೋಯಿತು. ಎರಡು ಹಿಡಿ ಹಣ್ಣು ಸಿಕ್ಕಿತು.

ಬಿಸಿಲಿನ ಕೊನೆಯ ಪಟ್ಟಿ ಕಲ್ಲಿನ ಮೇಲೆ ಇರುವಾಗಲೇ ಇಬ್ಬರೂ ಒಂದೇ ಎಲೆಯನ್ನು ಹಿಡಿದರು. ಕಣ್ಣು ಮುಚ್ಚಿಕೊಳ್ಳುವ ಒಪ್ಪಂದ ಯಾರಿಗೂ ನೆನಪಾಗಲಿಲ್ಲ. ಹಣ್ಣು ಮರಿಯ ತಲೆಯ ಮೇಲೆ ಟಪಟಪ ಉದುರಿತು. ಮರಿ ಎರಡು ಹಣ್ಣನ್ನು ಬಾಯಿಗೆ ಹಾಕಿಕೊಂಡು ಮೂರನೆಯದಕ್ಕೆ ಕೈ ಚಾಚಿತು. ಇದರ ಮೂಗು ಥೇಟ್ ನನ್ನದೇ ಎಂದ ಗುಡ್ಡಪ್ಪ. ನಿನ್ನದು ಮೂಗೇನೋ, ಅದು ಸೋರೆಕಾಯಿ, ಇದು ನನ್ನ ಮೂಗು ಎಂದ ಬಂಡೆಪ್ಪ. ನಿನಗೆ ಕಣ್ಣು ಕಾಣಲ್ಲ ಎಂದು ಅಣ್ಣ ಕೂಗಿದ. ನಿನಗೆ ಬುದ್ಧಿಯೇ ಇಲ್ಲ ಎಂದು ತಮ್ಮ ಕೂಗಿದ. ಮುಖಕ್ಕೆ ಮುಖ ಕೊಟ್ಟು, ಮೂಗಿಗೆ ಮೂಗು ತಾಗಿಸಿ, ಹಳ್ಳವೆಲ್ಲ ಮೊಳಗುವಂತೆ ಇಬ್ಬರೂ ಜಗಳವಾಡಿದರು. ಸಿರಿಯಮ್ಮ ಮರಿಯನ್ನು ಎದೆಗವಚಿಕೊಂಡು ಆ ಜಗಳವನ್ನು ಕೇಳುತ್ತಾ ಕುಳಿತಳು. ಅಷ್ಟು ಒಳ್ಳೆಯ ಮಾತನ್ನು ಅವಳು ಮೂರು ವರ್ಷದಿಂದ ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲ.

ನೀತಿ: ಮನೆಯವರು ಎದುರಾಬದುರು ನಿಂತು ಜಗಳವಾಡಿದರೆ ಹಬ್ಬ ಕೆಡುವುದಿಲ್ಲ, ಮಾತು ಬಿಟ್ಟು ನಡುವೆ ಮೂರನೆಯವನನ್ನು ನಿಲ್ಲಿಸಿಕೊಂಡರೆ ಹಣ್ಣು ಅವನ ಪಾಲಿಗೆ, ಬೀಜ ನಮ್ಮ ಪಾಲಿಗೆ.